ತಿಮ್ಮಯ್ಯನವರ ಒರತೆ ರಕ್ಷಣೆ

ತಮ್ಮ ಜಮೀನಿನಲ್ಲಿ ಸಾಕ್ಷಾತ್ ಗಂಗಾಮಾತೆ ದಿಕ್ಕಿಲ್ಲದೆ ಬಿದ್ದಿದ್ದಾಳೆಂಬ ಸಂಗತಿ ತಿಮ್ಮಯ್ಯನವರಿಗೆ ಗೊತ್ತಾದದ್ದು ಗ್ರಾಮಸಭೆಯಲ್ಲಿ. ಅಜ್ಜನ ಕಾಲದಲ್ಲಿ ಹಾಸನದ ಕಡೆಯಿಂದ ಬಂದು ಕುಶಾಲನಗರದ ಬಳಿ ನೆಲೆನಿಂತ ಮನೆತನ ಅವರದು. ಶುಂಠಿ ಹೊಲದ ಮೇಲ್ತುದಿಯಲ್ಲಿ ಒಂದು ಒರತೆ. ಅದರ ನೀರೇ ಪೈಪಿನಲ್ಲಿ ಇಳಿದು ಕೆಳಕೇರಿಯ ಮನೆಮನೆಗೂ ಕುಡಿಯಲು ಹೋಗುತ್ತದೆ. ಆದರೂ ಅದರತ್ತ ತಿಮ್ಮಯ್ಯನವರು ತಿರುಗಿ ನೋಡಿದವರಲ್ಲ.

ಅಂದು ಸಭೆಯಲ್ಲಿ ಹೊಸ ಯೋಜನೆಯ ಘೋಷಣೆಯಾಯಿತು. ಜಮೀನಿನಲ್ಲಿರುವ ಕುಡಿಯುವ ನೀರಿನ ಮೂಲವನ್ನು ಕಾಪಾಡುವ ರೈತರಿಗೆ, ನೀರು ಪರೀಕ್ಷೆಯಲ್ಲಿ ಪಾಸಾದರೆ, ಸರ್ಕಾರವೇ ಖರ್ಚು ಕೊಟ್ಟು ಬೇಲಿ ಹಾಕಿಸುತ್ತದೆ, ಕಲ್ಲಿನ ಕಟ್ಟೆ ಕಟ್ಟಿಸುತ್ತದೆ. ಜೊತೆಗೆ ‘ಜಲಮೂಲ ರಕ್ಷಕರು’ ಎಂದು ಹೆಸರು ಬರೆದ ಫಲಕವನ್ನೂ ನೆಡಿಸುತ್ತದೆ. ಬೇಲಿ, ಕಟ್ಟೆಗಳು ತಿಮ್ಮಯ್ಯನವರ ಒಂದು ಕಿವಿಯಲ್ಲಿ ಹೊಕ್ಕು ಇನ್ನೊಂದರಲ್ಲಿ ಹೊರಬಿದ್ದವು. ಫಲಕ ಮಾತ್ರ ಒಳಗೇ ಉಳಿಯಿತು. (ಕೆಳಕೇರಿಯ ಸತೀಶನ ಹೆಸರು ಹಾಲಿನ ಡೈರಿಯ ಕಲ್ಲಿನ ಮೇಲೆ ಬಂದಾಗಿನಿಂದ ಅವರಿಗೆ ಆ ದಾರಿಯಲ್ಲಿ ಓಡಾಡಿದರೆ ಸಾಕು, ಎದೆಯುರಿ.)

ಗಂಗಾಮಾತೆಯ ಶತ್ರುಗಳನ್ನು ಹುಡುಕುತ್ತಾ ಮನೆಗೆ ಬಂದವರಿಗೆ ಮೊದಲು ಸಿಕ್ಕವರು ಹೆಂಡತಿ ರಂಗಮ್ಮ.

“ಲೇ, ಇವತ್ತಿಂದ ಒರತೆ ಹತ್ರ ಬಟ್ಟೆ ಒಗೆಯೋದು ಬಂದ್!”

“ನಾನು ಕೊಡದಲ್ಲಿ ನೀರು ತಗೊಂಡು ಹೋಗಿ ಒಗೆಯೋದು ಒರತೆಯಿಂದ ಎಷ್ಟೋ ಕೆಳಗೆ. ಸೋಪಿನ ನೀರೇನು ದಿಬ್ಬ ಹತ್ಕೊಂಡು ಮೇಲಕ್ಕೆ ಹೋಗುತ್ತೇನ್ರಿ?”

“ಸರ್ಕಾರದ ಮುಂದೆ ಹಿಂಗೆಲ್ಲ ಲಾ ಪಾಯಿಂಟ್ ಹಾಕ್ಬೇಡ.”

“ಸರ್ಕಾರ ಎಲ್ಲಿದೆ? ಇಲ್ಲಿ ನಿಂತಿರೋದು ನೀವು!”

ತಿಮ್ಮಯ್ಯನವರು ಮಾತಿನಲ್ಲಿ ಸೋತರೂ ಕಾರ್ಯದಲ್ಲಿ ಸೋಲುವವರಲ್ಲ. ಹಾರೆ ಹಿಡಿದು, ಅತ್ತೆಯ ಕಾಲದಿಂದ ರಂಗಮ್ಮ ಬಟ್ಟೆ ಒಗೆಯುತ್ತಿದ್ದ ಕಲ್ಲನ್ನು ಕಿತ್ತು, ಉರುಳಿಸಿಕೊಂಡು ಹಿತ್ತಿಲಿಗೆ ತಂದು ಹಾಕಿದರು. ಅಷ್ಟಕ್ಕೇ ನಿಲ್ಲಲಿಲ್ಲ. ರಂಗಮ್ಮ ಕೊಡ ಹಿಡಿದು ನೀರಿಗೆ ಹೋದರೆ ದಾರಿಗೆ ಅಡ್ಡ ನಿಂತು, “ಕೈ ತೋರ್ಸು. ಸಗಣಿಗಿಗಣಿ ಮೆತ್ಕೊಂಡಿದ್ಯಾ ನೋಡ್ಬೇಕು” ಎಂದರು. ವರ್ಷವರ್ಷವೂ ಆ ಒರತೆಯ ಹೂಳು ತೆಗೆದ ಕೈಗಳವು. ರಂಗಮ್ಮ ಕೈ ತೋರಿಸಿದರು, ನೀರು ತಂದರು, ಅಂದಿನ ಸಾರಿಗೆ ಉಪ್ಪು ಮಾತ್ರ ಹಾಕಲಿಲ್ಲ.

ತಾಲ್ಲೂಕಿನಿಂದ ಅಧಿಕಾರಿ ದಿವ್ಯಶ್ರೀ ನೀರು ಪರೀಕ್ಷೆಗೆ ಬರುವ ದಿನ ಬಂತು. ತಿಮ್ಮಯ್ಯನವರು ಬೆಳಿಗ್ಗೆಯೇ ರೇಷ್ಮೆ ಅಂಚಿನ ಪಂಚೆ ಉಟ್ಟು, ಹರಿವಾಣದ ತುಂಬ ಪೂಜೆಯ ಸಾಮಾನು ಜೋಡಿಸಿಕೊಂಡು ಹೊರಟರು.

“ಅವರು ನೀರು ತಗೊಂಡು ಹೋಗೋವರೆಗೂ ಸುಮ್ನಿರ್ಬಾರ್ದೇನ್ರಿ?”

“ಊರವ್ರು ಬೋರ್‌ವೆಲ್ ಕೊರೆಸುವಾಗ ಗಂಗೆ ಪೂಜೆ ಮಾಡಲ್ವಾ? ಸರ್ಕಾರವೇ ಬರುವಾಗ ಗಂಗಮ್ಮನ್ನ ಬೋಳುಬೋಳಾಗಿ ನಿಲ್ಲಿಸೋಕಾಗುತ್ತೇನೆ? ಎಲ್ಲಾ ನನಗೆ ಗೊತ್ತು, ನಡಿ.”

ಒರತೆಗೆ ಹಾಲೆರೆದರು, ಮೊಸರೆರೆದರು. ಬಾಳೆಹಣ್ಣು, ಬೆಲ್ಲ ಬಿಟ್ಟರು. ಅರಿಶಿನ ಕುಂಕುಮವನ್ನು ಚಿಟಿಕೆಯಲ್ಲಿ ಹಾಕಿದರೆ ಜಿಪುಣರೆಂದಾರು ಎಂದು ಪೊಟ್ಟಣವನ್ನೇ ಬೋರಲು ಹಾಕಿದರು. ಕೆಂಪು ದಾಸವಾಳ ತೇಲಿಬಿಟ್ಟು ಕರ್ಪೂರ ಹಚ್ಚುವಷ್ಟರಲ್ಲಿ ಜೀಪು ಬಂತು.

ದಿವ್ಯಶ್ರೀ ಗಾಜಿನ ಬಾಟಲಿ ಮುಳುಗಿಸಿ ಮೇಲೆತ್ತಿ, ಬೆಳಕಿಗೆ ಹಿಡಿದು ನೋಡಿದರು.

“ಯಜಮಾನ್ರೇ, ಇಲ್ಲಿ ನೀರು ಯಾವಾಗ್ಲೂ ಹೀಗೇ ಇರುತ್ತಾ?”

“ಎಲ್ಲಾದ್ರೂ ಉಂಟಾ ಮೇಡಂ! ಇವತ್ತು ನೀವು ಬರ್ತೀರಂತ ವಿಶೇಷ!” ಎಂದು ತಿಮ್ಮಯ್ಯನವರು ಬೀಗಿದರು.

ಆಗಲೇ ಅವರ ಮೊಬೈಲು ಬಡಿದುಕೊಂಡಿತು. ಆಚೆಯಿಂದ ಸತೀಶನ ಗಂಟಲು ಸ್ಪೀಕರಿಲ್ಲದೆಯೇ ಎಲ್ಲರಿಗೂ ಕೇಳಿಸಿತು. “ತಿಮ್ಮಯ್ಯಣ್ಣ, ಏನ್ ಮಾಡಿದ್ಯಪ್ಪಾ? ನಲ್ಲಿ ತಿರುಗಿಸಿದ್ರೆ ಪಂಚಾಮೃತ ಬರ್ತಿದೆ! ಅನ್ನಕ್ಕಿಟ್ಟ ಎಸರೆಲ್ಲ ಹಳದಿ! ರಂಗಮ್ಮಕ್ಕ ನೋಡ್ಕೊತಿದ್ದಾಗ ಒಂದು ದಿನಾನೂ ಹಿಂಗಾಗಿರ್ಲಿಲ್ಲ.”

ದಿವ್ಯಶ್ರೀ ರಂಗಮ್ಮನ ಕಡೆ ತಿರುಗಿದರು. “ಅಮ್ಮ, ಇಷ್ಟು ವರ್ಷ ನೋಡ್ಕೊಂಡಿದ್ದು ನೀವಾ?”

“ಹೂಂ. ಹೂಳು ತೆಗೆಯೋದು, ಎಲೆ ಬಾಚೋದು, ದನ ಅಟ್ಟೋದು ಎಲ್ಲ ನಾನೇ. ಅಲ್ಲಿ ಕೆಳಗೆ ಒಂದು ಕಲ್ಲಿತ್ತು, ಬಟ್ಟೆ ಒಗೀತಿದ್ದೆ. ಒರತೆ ಕೊಳೆಯಾಗುತ್ತಂತ ಅದನ್ನ ಇವ್ರು ಕಿತ್ತಾಕಿದ್ರು.”

“ಅಷ್ಟು ಕೆಳಗಿದ್ರೆ ಒರತೆಗೆ ಏನಾಗುತ್ತೆ ಯಜಮಾನ್ರೇ? ಕಲ್ಲು ಇದ್ದ ಜಾಗಕ್ಕೇ ವಾಪಸ್ ಇಡ್ಸಿ. ಮುಂದಿನ ವಾರ ಮತ್ತೆ ಬಂದು ನೀರು ತಗೊಳ್ತೀನಿ. ಅಲ್ಲಿವರೆಗೆ ದಯವಿಟ್ಟು ನೀವು ಈ ಕಡೆ ಬರ್ಬೇಡಿ.”

ಮುಂದಿನ ವಾರ ನೀರು ಪಾಸಾಯಿತು. ಹಣ ಮಂಜೂರಾಗಿ ಬೇಲಿ ಬಂತು, ಬಾಗಿಲು ಬಂತು, ಬಾಗಿಲ ಬೀಗದ ಕೈ ರಂಗಮ್ಮನ ಸೆರಗಿನ ತುದಿಗೆ ಬಂತು. ಫಲಕವೂ ಬಂತು. ‘ಜಲಮೂಲ ರಕ್ಷಕರು: ಶ್ರೀಮತಿ ರಂಗಮ್ಮ.’ ಅದರ ಕೆಳಗೆ ದನ ತೊಳೆಯಬಾರದು, ಕಸ ಹಾಕಬಾರದು ಎಂಬುದು ಎಲ್ಲ ಊರಿನ ಫಲಕದಲ್ಲೂ ಇರುವ ಮಾತು. ಹಾಲು, ಮೊಸರು, ಅರಿಶಿನ, ಕುಂಕುಮ ಸುರಿಯಬಾರದು ಎಂಬ ಸಾಲನ್ನು ಮಾತ್ರ ಈ ಊರಿಗೆಂದೇ ಬರೆಸಿದ್ದರು.

ಫಲಕ ನೆಟ್ಟ ದಿನವೇ ತಿಮ್ಮಯ್ಯನವರು ಹಿತ್ತಿಲಿನ ಕಲ್ಲನ್ನು ದಿಬ್ಬದ ಮೇಲಕ್ಕೆ ಉರುಳಿಸತೊಡಗಿದರು. ಇಳಿಯುವಾಗ ಅಷ್ಟು ಸಲೀಸಾಗಿದ್ದ ಕಲ್ಲು ಹತ್ತುವಾಗ ಹೆಜ್ಜೆಹೆಜ್ಜೆಗೂ ಮುನಿಸಿಕೊಂಡಿತು. ಹಳೆಯ ಜಾಗದಲ್ಲಿ ಅದನ್ನು ಕೂರಿಸಿ, ಏದುಸಿರು ಬಿಡುತ್ತಾ ಬೇಲಿಯ ಬಾಗಿಲಿಗೆ ಬಂದರು. ಒಳಗೆ ರಂಗಮ್ಮ ಕೊಡ ತುಂಬಿಸುತ್ತಿದ್ದರು.

“ಲೇ, ಗಂಟಲು ಒಣಗಿ ಹೋಗಿದೆ. ಬಾಗ್ಲು ತೆಗಿ, ಒಂದು ಬೊಗಸೆ ನೀರು ಕುಡೀತೀನಿ.”

“ಕೈ ತೋರ್ಸಿ.”

ತಿಮ್ಮಯ್ಯನವರು ಎರಡೂ ಕೈ ಚಾಚಿದರು. ಅಂಗೈ ತುಂಬ ಮಣ್ಣು, ಪಾಚಿ.

“ತೊಳ್ಕೊಂಡು ಬನ್ನಿ.”

“ನೀರು ಬೇಲಿ ಒಳಗಿದೆ! ಎಲ್ಲಿ ತೊಳ್ಕೊಳ್ಳೋದೇ?”

ರಂಗಮ್ಮ ಕೊಡವನ್ನು ಸೊಂಟಕ್ಕೇರಿಸಿಕೊಂಡರು. “ಕೆಳಕೇರಿ ನಲ್ಲೀಲಿ. ಸತೀಶಣ್ಣನ್ನ ಕೇಳಿ. ಪಾಪ, ಒಳ್ಳೆಯವ್ರು, ಇಲ್ಲ ಅನ್ನಲ್ಲ.”