ಎಡಗೈ ಕೋಲುಗಳು

ಹೊಸ ತೊಗಲಿನ ವಾಸನೆ ಮೂಗಿಗೆ ಬಡಿದರೆ ಗುಮಾಸ್ತನಿಗೆ ಇಂದಿಗೂ ಮನೆಗೆ ಓಡಿಹೋಗಬೇಕೆನಿಸುತ್ತದೆ. ಐದನೆಯ ವಯಸ್ಸಿನಲ್ಲಿ ಬೆನ್ನಿಗೆ ಹೊಸ ಚೀಲ ಏರಿಸಿ, ಶಾಲೆಯ ಬಾಗಿಲಲ್ಲಿ ಬಿಟ್ಟು ಅಪ್ಪ ಹೊರಟುಹೋದ ದಿನದ ವಾಸನೆ ಅದು. ಈ ಭಾನುವಾರ ಬೆಳಗ್ಗೆ ಗಾಲ್ಫ್ ಸಾಮಾನಿನ ಅಂಗಡಿಗೆ ಕಾಲಿಟ್ಟಾಗಲೂ ಅದೇ ವಾಸನೆ, ಮನೆಗೆ ಓಡುವ ಅದೇ ಆಸೆ.

ಎಲ್ಲಕ್ಕೂ ಕಾರಣ ಒಂದು ‘ಹೂಂ’. ಯಾರು ಏನು ಕೇಳಿದರೂ ಹೂಂ ಅನ್ನುವುದು ಅವನ ಅಭ್ಯಾಸ. ಕಚೇರಿಯಲ್ಲಿ ಅವನನ್ನು ಕರೆಯುತ್ತಿದ್ದದ್ದೇ ಹೂಂಗುಟ್ಟಪ್ಪ ಎಂದು. ಗುರುವಾರ ಲಿಫ್ಟಿನಲ್ಲಿ ಮ್ಯಾನೇಜರ್ ಸಾಹೇಬರು, “ಗಾಲ್ಫ್ ಆಡ್ತೀರೇನ್ರೀ?” ಎಂದು ಕೇಳಿದರು. ಇವನು ಹೂಂ ಅಂದ. ಭಾನುವಾರ ನಾಲ್ಕಕ್ಕೆ ಮೈದಾನಕ್ಕೆ ಬರಲು ಹೇಳಿ ಅವರು ಇಳಿದುಹೋದರು. ಸೋಮವಾರ ಅವರು ವರ್ಗಾವಣೆ ಪಟ್ಟಿಗೆ ರುಜು ಹಾಕುವವರಿದ್ದರು. ಅವನ ಹೆಂಡತಿಗೆ ಇದೇ ಊರಿನಲ್ಲಿ ಈಗಷ್ಟೇ ಟೀಚರ್ ಕೆಲಸ ಸಿಕ್ಕಿತ್ತು. ಸುಳ್ಳು ಹೊರಬಿದ್ದು ಸಾಹೇಬರು ಮುನಿದರೆ ತಾನೊಂದು ಊರು, ಅವಳೊಂದು ಊರು.

ಸಾಹೇಬರು ಬಿಡುವಾದಾಗಲೆಲ್ಲ ತಮ್ಮ ಗಾಜಿನ ಕೋಣೆಯಲ್ಲಿ ಛತ್ರಿ ಹಿಡಿದು ಗಾಲ್ಫಿನ ಹೊಡೆತ ಅಭ್ಯಾಸ ಮಾಡುತ್ತಿದ್ದರು. ಗುಮಾಸ್ತನ ಮೇಜು ಅದರ ಎದುರಿಗೇ. ಎರಡು ದಿನ ಕಣ್ಣು ಕೀಳದೆ ನೋಡಿ, ಮನೆಯಲ್ಲಿ ಪೊರಕೆ ಹಿಡಿದು ತದ್ರೂಪು ಬೀಸಿದ್ದ.

ಕೋಲು ಕೊಳ್ಳಲು ಹೆಡ್ ಗುಮಾಸ್ತರೂ ಟೈಪಿಸ್ಟ್ ಅಕ್ಕನೂ ಕರೆಯದೆಯೇ ಜೊತೆಗೆ ಬಂದಿದ್ದರು.

“ಭಾರ ಇರೋದನ್ನೇ ತಗೋ. ನೋಡಿದ್ರೆ ಚೆಂಡು ಹೆದರಬೇಕು,” ಅಂದರು ಹೆಡ್ ಗುಮಾಸ್ತರು. ಅಕ್ಕನಿಗೆ ಕೆಂಪು ಹಿಡಿಯಿದ್ದ ಕೋಲು ಇಷ್ಟವಾಯಿತು, ಅವನ ಶರಟಿಗೆ ಒಪ್ಪುತ್ತದಂತೆ. ಅಂಗಡಿಯ ಮಾಲೀಕರಾದ ಮುದುಕರು ಅವರಿಬ್ಬರ ಮಾತಿಗೂ ನಕ್ಕು, ಟೇಪು ಹಿಡಿದು ಅವನ ಮಣಿಕಟ್ಟಿನಿಂದ ನೆಲದವರೆಗೆ ಅಳೆದರು.

“ಒಂದ್ಸಲ ಬೀಸಿ ತೋರಿಸಿ. ನಿಮ್ಮ ಆಟಕ್ಕೆ ಯಾವ ಕೋಲು ಅಂತ ಆಗ ಹೇಳ್ತೀನಿ.”

ಅವನು ಬೀಸಿದ. ಪಕ್ಕದಲ್ಲಿದ್ದ ಬೂಟಿನ ಡಬ್ಬಗಳ ಗೋಪುರ ಗೂಟ ಕಿತ್ತ ಡೇರೆಯಂತೆ ಕುಸಿಯಿತು. ಮುದುಕರು ಒಂದೊಂದಾಗಿ ಎತ್ತಿಟ್ಟು, “ಓಹೋ, ಎಡಗೈ ಆಟ,” ಅಂದರು. ಅವನು ಹೂಂ ಅಂದ. ಅವರು ಒಳಗಿನಿಂದ ಎಡಗೈಯವರ ಒಂದು ಸೆಟ್ ತಂದರು. ಹೊಸಬರಿಗೆ ಹಗುರಾಗಿ ಬಳುಕುವ ಏಳು ಕೋಲುಗಳೇ ಸಾಕೆಂದರು. ಎಡಗೈಯವರು ಅಪರೂಪವಾದ್ದರಿಂದ ವಾಪಸ್ ಮಾತ್ರ ತೆಗೆದುಕೊಳ್ಳುವುದಿಲ್ಲವೆಂದೂ ಸೇರಿಸಿದರು.

ನಾಲ್ಕಕ್ಕೆ ಮೈದಾನದಲ್ಲಿ ಸಾಹೇಬರ ಹೊರತು ಯಾರೂ ಇರಲಿಲ್ಲ. ಮೊದಲ ಎರಡು ಸಲ ಕೋಲು ಗಾಳಿಗೆ ಬಡಿಯಿತು. ಚೆಂಡು ಮುನಿಸಿಕೊಂಡ ಬೆಕ್ಕಿನ ಹಾಗೆ ಕೂತಲ್ಲೇ ಕೂತಿತ್ತು. ಮೂರನೆಯ ಸಲ ಕೋಲೇ ಕೈಬಿಟ್ಟು ಪೊದೆ ಸೇರಿತು. ಸಾಹೇಬರು ತಾವೇ ಹೋಗಿ ತಂದುಕೊಟ್ಟರು.

“ಎಡಗೈಯಲ್ಲಿ ಯಾಕ್ರೀ ಆಡ್ತೀರಿ? ಬರೆಯೋದು ಬಲಗೈಯಲ್ಲಲ್ವಾ?”

ಇನ್ನು ಮುಚ್ಚಿಡಲು ಅವನಿಂದ ಆಗಲಿಲ್ಲ. “ನಂಗೆ ಗಾಲ್ಫ್ ಬರಲ್ಲ ಸರ್. ನಿಮ್ಮನ್ನ ನೋಡಿ ಕಲಿತೆ. ನೀವು ಎದುರಿಗಿದ್ರಿ, ಕನ್ನಡೀಲಿ ಕಂಡ ಹಾಗೆ ಎಡ ಬಲ ಅದಲು ಬದಲಾಯ್ತು.”

ಸಾಹೇಬರು ಕಲ್ಲುಬೆಂಚಿನ ಮೇಲೆ ಕುಸಿದರು. “ನನಗೂ ಬರಲ್ಲ ಕಣ್ರೀ,” ಅಂದರು.

ಮೂರು ವರ್ಷದ ಹಿಂದೆ ಹೆಡ್ ಆಫೀಸಿನ ದೊಡ್ಡವರ ಮುಂದೆ ಆಡುತ್ತೇನೆ ಎಂದುಬಿಟ್ಟಿದ್ದರಂತೆ. ಅಂದಿನಿಂದ ಪುಸ್ತಕದ ಚಿತ್ರ ನೋಡಿ ಛತ್ರಿ ಬೀಸಿದ್ದಷ್ಟೇ, ಚೆಂಡು ಮುಟ್ಟಿದ್ದಿಲ್ಲ. ಬರುವ ತಿಂಗಳು ಆ ದೊಡ್ಡವರೇ ಆಡಲು ಬರುತ್ತಾರೆ. ಗುಮಾಸ್ತನಿಂದ ಗುಟ್ಟಾಗಿ ಕಲಿಯೋಣವೆಂದು ಕರೆಸಿದ್ದರು.

ಗುಮಾಸ್ತ ಕೋಲನ್ನು ಕೆಳಗಿಟ್ಟ. “ಸರ್, ವರ್ಗಾವಣೆ ಪಟ್ಟಿಯಲ್ಲಿ ನನ್ನ ಹೆಸರು...”

“ನಿಮ್ಮ ಹೆಸರು ಅದರಲ್ಲಿ ಮೊದಲಿಂದಲೂ ಇಲ್ವಲ್ಲ.”

ಎದೆಯ ಮೇಲಿನ ಬಂಡೆ ಉರುಳಿಬಿತ್ತು. ಅವನಿಗೆ ನಗು ಬಂತು. ಸಾಹೇಬರಿಗೂ ಬಂತು. ಇಬ್ಬರೂ ಕಣ್ಣೊರೆಸಿಕೊಳ್ಳುವಷ್ಟು ನಕ್ಕರು.

“ನಾಳೆಯಿಂದ ದಿನಾ ಬೆಳಗ್ಗೆ ಐದಕ್ಕೆ ಬನ್ನಿ, ಜೊತೆಗೇ ಕಲಿಯೋಣ,” ಅಂದರು ಸಾಹೇಬರು. “ನನ್ನ ಹತ್ರ ಛತ್ರಿ ಬಿಟ್ರೆ ಏನಿಲ್ಲ, ಬರೋವಾಗ ಇಬ್ಬರಿಗೂ ಆಗೋ ಹಾಗೆ ಬಲಗೈದು ಒಂದು ಸೆಟ್ ತಗೊಂಡೇ ಬನ್ನಿ.”

ಗುಮಾಸ್ತನ ನಗು ಅರ್ಧಕ್ಕೇ ನಿಂತಿತು. ಇಡೀ ದಿನ ಭಯದಲ್ಲಿ ಏನೂ ತಿನ್ನದಿದ್ದ ಅವನ ಹೊಟ್ಟೆ ದೊಡ್ಡದಾಗಿ ಗುರುಗುಟ್ಟಿತು. ಸಾಹೇಬರು ತಮ್ಮ ಚೀಲದಿಂದ ಊಟದ ಡಬ್ಬಿ ತೆಗೆದರು. ಮುಚ್ಚಳಕ್ಕೆ ತಮಗೆಂದು ಎರಡು ತುತ್ತು ಹಾಕಿಕೊಂಡು, ಡಬ್ಬಿಯನ್ನು ಅವನ ಕೈಗಿಟ್ಟರು.