ಮಾವನವರ ಮಂಚದ ನಾಲ್ಕು ಮೂಲೆ

ಇನ್ನು ಮುಂದೆ ಈ ಮನೆಯಲ್ಲಿ ಯಾವ ಮೂಲೆಯೂ ಅಲ್ಲಾಡಕೂಡದು ಎಂದು ನಾನು ಪಣ ತೊಟ್ಟೆ. ಕಾರಣ, ನನ್ನ ಮಾವನವರು. ಅವರಿಗೆ ಒಂದು ಚಟ. ಯಾರ ಮನೆಗೆ ಹೋದರೂ ನೀರು ಕುಡಿಯುವ ಮೊದಲು ಕುರ್ಚಿ, ಮೇಜುಗಳ ಮೂಲೆ ಹಿಡಿದು ಅಲ್ಲಾಡಿಸಿ ನೋಡುತ್ತಾರೆ. ಹೋದ ಸಲ ನಮ್ಮ ಊಟದ ಮೇಜು ಲೊಡಲೊಡ ಎಂದಿತು. ಅವರು ಮೇಜನ್ನು ನೋಡಲಿಲ್ಲ, ನನ್ನನ್ನು ನೋಡಿದರು.

ನಾಲ್ಕು ದಿನ ಇದ್ದು ಹೋಗಲು ಅವತ್ತು ಸಂಜೆಯೇ ಮತ್ತೆ ಬರುವವರಿದ್ದರು.

"ಅವರಿಗೆ ಮಂಚ ನಾನೇ ಮಾಡ್ತೀನಿ. ಒಂದು ಮೊಳೆಯನ್ನೂ ಮುಟ್ಟಲ್ಲ" ಎಂದು ಹೆಂಡತಿಗೆ ಸಾರಿದೆ. "ಮೊಳೆ ಅಂದ್ರೆ ಬಲವಂತದ ಮದುವೆ. ಒಂದು ಮರದಲ್ಲಿ ಹಲ್ಲು ಬಿಡಿಸಿ, ಇನ್ನೊಂದರ ತೂತಿಗೆ ಕೂರಿಸಿದ್ರೆ ಅದು ಜನ್ಮಜನ್ಮದ ಸಂಬಂಧ."

"ಬೆರಳು ಹತ್ತೂ ಉಳಿಸ್ಕೊಳ್ಳಿ" ಎಂದು ಅವಳು ಆಫೀಸಿಗೆ ಹೋದಳು.

ಹಲ್ಲು ದಪ್ಪವಾಯಿತೆಂದು ತೂತು ಹಿಗ್ಗಿಸಿದೆ. ತೂತು ಹಿಗ್ಗಿತೆಂದು ಅಂಟು ಸುರಿದೆ. ಆದರೂ ಚೌಕಟ್ಟು ಸೊಟ್ಟ. ನಾಲ್ಕೂ ಕಡೆಯಿಂದ ಒಂದೇ ಬಿಗಿಯಲ್ಲಿ ಎಳೆದು ಕಟ್ಟಲು ಆಧಾರ ಬೇಕಿತ್ತು. ಹಜಾರದ ನಟ್ಟನಡುವೆ ನಿಂತ ಕಂಬ ಕಣ್ಣಿಗೆ ಬಿತ್ತು. ಮಂಚದ ನಾಲ್ಕೂ ಪಟ್ಟಿಗಳನ್ನು ಅದರ ಸುತ್ತ ಜೋಡಿಸಿ, ಒಂದೊಂದನ್ನೂ ಹಗ್ಗದಿಂದ ಕಂಬದ ಕಡೆಗೆ ಬಿಗಿದೆ. ಮೂಲೆಗಳು ಕಟಕ್ಕೆಂದು ಕೂತವು. ಮರದ ಗೂಟ ಜಡಿದೆ, ಕಾಲು ಕೂರಿಸಿದೆ. ಸಂಜೆಯ ಹೊತ್ತಿಗೆ ಅಂಟು ಕಲ್ಲಾಗಿತ್ತು.

ಹೆಂಡತಿ ಬಂದವಳು ಬಾಗಿಲಲ್ಲೇ ನಿಂತಳು.

"ಮಂಚ ಚೆನ್ನಾಗಿದೆ. ಕಂಬ ಯಾಕ್ರೀ ಅದರೊಳಗಿದೆ?"

ಆಗ ನೋಡಿದೆ. ಬೆಳಗಿನಿಂದ ನನ್ನ ಜೀವವೆಲ್ಲ ಮೂಲೆಗಳಲ್ಲಿತ್ತು. ನಡುವೆ ಏನಿದೆಯೆಂದು ಯಾರು ನೋಡುತ್ತಾರೆ?

"ಮೇಲಕ್ಕೆತ್ತಿ ತೆಗೆದ್ರಾಯ್ತು" ಎಂದೆ.

"ತೆಗೀರಿ. ಮೇಲಿನ ಮನೆಯವರಿಗೆ ಹೇಳಿ ಬರ್ತೀನಿ, ಒಂದು ನಿಮಿಷ ಮನೆ ಎತ್ತಿ ಹಿಡ್ಕೊಂಡಿರಲಿ ಅಂತ."

ಸುತ್ತಿಗೆ ತೆಗೆದುಕೊಂಡು ಮೂಲೆಗೆ ಬಡಿದೆ. ಏಟು ತಪ್ಪಿ ಕಂಬದ ಗಾರೆ ಉದುರಿತು, ಮೂಲೆ ಮಿಸುಕಲಿಲ್ಲ. ಅಷ್ಟು ಸಂಕಟದಲ್ಲೂ ನನಗೆ ಒಳಗೊಳಗೇ ಹೆಮ್ಮೆ. ಸದ್ದಿಗೆ ಮೇಲಿನ ಮನೆಯ ಯಜಮಾನರು ಒದ್ದೆ ತಲೆಯಲ್ಲೇ ಇಳಿದು ಬಂದರು.

"ಕಂಬ ಒಡೀತಿದ್ದೀರಾ? ಅದರ ಮೇಲೆ ನಮ್ಮ ಅಡುಗೆಮನೆ ಇದೆ. ಒಲೆ ಮೇಲೆ ಹಾಲಿಟ್ಟು ಬಂದಿದ್ದೀನಿ."

ಎಷ್ಟು ಹೇಳಿದರೂ ನಂಬಲಿಲ್ಲ. ಚೌಕಟ್ಟಿನೊಳಗೆ ಇಳಿದು, ಕಂಬವನ್ನು ತಬ್ಬಿಕೊಂಡು ಕೂತೇಬಿಟ್ಟರು.

"ಗರಗಸ ಹಿಡೀರಿ. ಮೂಲೆ ಕುಯ್ದುಹಾಕಿ" ಎಂದಳು ಹೆಂಡತಿ.

ಹಿಡಿದೆ. ಕೈ ಏಳಲಿಲ್ಲ. ನಾನು ಜೀವಮಾನದಲ್ಲಿ ಗಟ್ಟಿಯಾಗಿ ಮಾಡಿದ್ದು ಅದೊಂದೇ. ಅಷ್ಟರಲ್ಲಿ ಕರೆಗಂಟೆ ಸದ್ದು ಮಾಡಿತು.

ಮಾವನವರು ಚೀಲ ಕೆಳಗಿಟ್ಟರು. ಮಂಚ, ಅದರೊಳಗೆ ಕಂಬ, ಕಂಬಕ್ಕೆ ಅಂಟಿಕೊಂಡ ಯಜಮಾನರು, ಯಾವುದರ ಬಗ್ಗೆಯೂ ಕೇಳದೆ ನೇರವಾಗಿ ಮೂಲೆಗೆ ಕೈ ಹಾಕಿದರು. ಒಂದು ಕೈಯಲ್ಲಿ ಅಲ್ಲಾಡಿಸಿದರು. ಎರಡೂ ಕೈಯಲ್ಲಿ ಅಲ್ಲಾಡಿಸಿದರು. ಕೊನೆಗೆ ಒದ್ದರು. ಒಳಗಿದ್ದ ಯಜಮಾನರು ಅಲ್ಲಾಡಿದರು, ಮೂಲೆ ಅಲ್ಲಾಡಲಿಲ್ಲ. ಮಾವನವರ ಕಣ್ಣು ತುಂಬಿ ಬಂತು.

"ಅಳಿಯಂದಿರೇ, ಮಿಕ್ಕ ಹೆಣ್ಣುಮಕ್ಕಳ ಮನೇಲಿ ನನಗೆ ಮಡಚೋ ಮಂಚ ಹಾಕ್ತಾರೆ. ಬೆಳಗಾದ್ರೆ ಸಾಕು, ಮಡಚಿ ಗೋಡೆಗೆ ಒರಗಿಸಿ ನನ್ನ ಮುಖ ನೋಡ್ತಾರೆ. ಮನೆ ಕಂಬಕ್ಕೇ ಸೇರಿಸಿ ನನಗೆ ಜಾಗ ಕೊಟ್ಟವರು ನೀವೊಬ್ಬರೇ. ಇನ್ನು ನಾನೆಲ್ಲಿಗೆ ಹೋಗಲಿ? ಊರಲ್ಲಿರೋ ನನ್ನ ಸಾಮಾನೆಲ್ಲ ಇಲ್ಲಿಗೇ ಕಳಿಸೋಕೆ ನನ್ನ ಮಗನಿಗೆ ಹೇಳ್ಬಿಡಿ."

ನಾನು ಗರಗಸ ಕೆಳಗಿಟ್ಟೆ. ಹೆಂಡತಿ ತನ್ನಣ್ಣನಿಗೆ ಫೋನ್ ಹಚ್ಚಿ ನನ್ನ ಕೈಗಿಟ್ಟಳು. ನಾನು ಪಿಸುಗುಟ್ಟಿದೆ.

"ಹೇಳಿ. ಕೇಳಿಸ್ತಿಲ್ವಂತೆ, ಸ್ವಲ್ಪ ಗಟ್ಟಿಯಾಗಿ ಹೇಳಿ. ಗಟ್ಟಿ ಮಾಡೋದ್ರಲ್ಲಿ ನಿಮ್ಮನ್ನ ಬಿಟ್ರೆ ಇನ್ಯಾರಿದ್ದಾರೆ?"