ಚಹಾ ಕುಡಿಯದ ಗುಂಪನ್ನು ಕಾಪಾಡಿಕೊಳ್ಳುವ ಬಗ್ಗೆ

ಮನಃಶಾಸ್ತ್ರ ವಿಭಾಗ
(ಅನ್ವಯಿಕ ಸಂಖ್ಯಾಶಾಸ್ತ್ರ ಬೋಧನಾ ಘಟಕ)

ಸುತ್ತೋಲೆ ಸಂಖ್ಯೆ: ಮನೋ/ಸಂಶಾ/ಚಹಾ/೭

ವಿಷಯ: ಸಂಶೋಧನೆಗೆ ಚಹಾ ಕುಡಿಯದವರು ಸಿಗದಿರುವ ಕುರಿತು.

ಉಲ್ಲೇಖ: ೧) ಎಂ.ಎ. ವಿದ್ಯಾರ್ಥಿನಿ ರಾಜಶ್ರೀ ಇವರ ಪ್ರಯೋಗ, ‘ಚಹಾ ಮತ್ತು ನೆನಪಿನ ಶಕ್ತಿ’.
೨) ವಿಭಾಗದ ಕಪ್ಪು-ಬಸಿ ತೊಳೆಯುವ ದಿನಗೂಲಿ ಸಹಾಯಕಿ ಮಾಲಾ ಇವರು, ಸಂಖ್ಯಾಶಾಸ್ತ್ರದ ತರಗತಿಯಲ್ಲಿ ಕುಳಿತುಕೊಳ್ಳಲು ಕೋರಿ ಸಲ್ಲಿಸಿದ ಮೌಖಿಕ ಮನವಿ.

ಪೀಠಿಕೆ:
ಸೋಮವಾರ ಬೆಳಿಗ್ಗೆ ಮಾಲಾ ಇವರು ತರಗತಿಯ ಬಾಗಿಲ ಹೊರಗೆ ಕಪ್ಪುಗಳನ್ನು ತೊಳೆದು, ಸದ್ದಾಗದಂತೆ ಬಟ್ಟೆಯ ಮೇಲೆ ಬೋರಲು ಹಾಕುತ್ತಿದ್ದರು. ಒಳಗೆ ಸರಾಸರಿಯ ಪಾಠ ನಡೆದಿತ್ತು. ಪಾಠ ಮುಗಿಯುವವರೆಗೂ ಅವರು ಒಂದೇ ಕಪ್ಪನ್ನು ಒರೆಸುತ್ತಿದ್ದುದನ್ನು ವಿಭಾಗವು ಗಮನಿಸಿದೆ.

ಸದರಿ ಪ್ರಯೋಗದಲ್ಲಿ ಅರ್ಧ ಜನರಿಗೆ ಚಹಾ ಕೊಟ್ಟು, ಉಳಿದರ್ಧ ಜನರಿಗೆ ಕೊಡದೆ, ಎರಡೂ ಗುಂಪಿನವರ ನೆನಪನ್ನು ಹೋಲಿಸಬೇಕಿತ್ತು. ಬಸವನ ಬಾಗೇವಾಡಿ ತಾಲೂಕಿನ ಇಂಗಳೇಶ್ವರದ ಲಕ್ಕವ್ವ ಇವರ ಪಡಸಾಲೆಯಲ್ಲಿ ಹೆಂಗಸರನ್ನು ಎರಡು ಸಾಲಾಗಿ ಕೂರಿಸಲಾಗಿತ್ತು. ಒಂದು ಸಾಲಿಗೆ ಮಾತ್ರ ಚಹಾ ಹೋದದ್ದನ್ನು ಕಂಡ ಲಕ್ಕವ್ವ ಇವರು, “ಅತ್ತಾಗ ಕುಂತವ್ರಿಗೆ ಚಾ, ಇತ್ತಾಗ ಕುಂತವ್ರು ಬಾಯಿ ನೋಡೂದು! ನನ್ನ ಮನ್ಯಾಗ ಪಂಕ್ತಿಭೇದ ನಡ್ಯಾಂಗಿಲ್ಲ ತಂಗಿ. ನಿನ್ನ ಲೆಕ್ಕ ನಾಳಿಗೂ ಇರತೈತಿ” ಎಂದು ಹೇಳಿ, ಸ್ವಂತ ಹಾಲಿನಿಂದ ಎರಡನೇ ಸಾಲಿಗೂ ಚಹಾ ಮಾಡಿಕೊಟ್ಟಿರುತ್ತಾರೆ. ವಿದ್ಯಾರ್ಥಿನಿಗೂ ಕುಡಿಸಿರುತ್ತಾರೆ. ಮುದ್ದೇಬಿಹಾಳ, ಇಂಡಿ ಮತ್ತು ಸಿಂದಗಿಯಲ್ಲಿಯೂ ಪ್ರಯೋಗವು ಇದೇ ರೀತಿ ಯಶಸ್ವಿಯಾಗಿ ವಿಫಲವಾಗಿದೆ.

ಆದ್ದರಿಂದ ಎಲ್ಲರಿಗೂ ತಿಳಿಯಪಡಿಸುವುದೇನೆಂದರೆ:

೧. ಚಹಾ ಕುಡಿಯದ ಗುಂಪಿನವರು ಚಹಾ ಕುಡಿಯತಕ್ಕದ್ದಲ್ಲ.

೨. ಈ ಗುಂಪಿನವರ ಬಗ್ಗೆ ಮರುಕಪಡುವವರು ಮುಂಚಿತವಾಗಿ ಅನುಮತಿ ಪಡೆಯತಕ್ಕದ್ದು. ಮರುಕವನ್ನು ಹಾಲು, ಸಕ್ಕರೆ ಅಥವಾ ಶುಂಠಿಯ ರೂಪದಲ್ಲಿ ವ್ಯಕ್ತಪಡಿಸುವುದನ್ನು ನಿಷೇಧಿಸಲಾಗಿದೆ.

೩. ಬಸಿಗೆ ಸುರಿದುಕೊಂಡು ಕುಡಿದದ್ದು ಕಪ್ಪಿನ ಲೆಕ್ಕಕ್ಕೆ ಬರುವುದಿಲ್ಲವೆಂಬ, ಇದೇ ಗುಂಪಿನಲ್ಲಿದ್ದ ಇಂಡಿಯ ಶಮಶುದ್ದೀನ ಇವರ ವಾದವನ್ನು ಕೂಲಂಕಷವಾಗಿ ಪರಿಶೀಲಿಸಿ ತಿರಸ್ಕರಿಸಲಾಗಿದೆ. “ಹಂಗಾರ ಬಸಿ ಯಾಕ ಕೊಟ್ರಿ?” ಎಂಬ ಅವರ ಮರುಪ್ರಶ್ನೆಯು ಪರಿಶೀಲನೆಯಲ್ಲಿದೆ.

೪. ಪ್ರಯೋಗದ ವೇಳೆ ಒಂದು ಸಾಲಿನ ಚಹಾದ ವಾಸನೆಯು ಇನ್ನೊಂದು ಸಾಲಿಗೆ ಹೋಗದಂತೆ ಗಾಳಿಯು ಸಹಕರಿಸತಕ್ಕದ್ದು.

೫. ನಾಲ್ಕೂ ತಾಲೂಕುಗಳಲ್ಲಿ ಹುಡುಕಲಾಗಿ, ಚಹಾ ಕುಡಿಯದವರು ವಿಭಾಗದಲ್ಲಿಯೇ ಒಬ್ಬರು ಪತ್ತೆಯಾಗಿದ್ದಾರೆ. ಎಲ್ಲರಿಗೂ ಚಹಾ ಕೊಟ್ಟು ಮಾಲಾ ಇವರು ಮರಳುವ ಹೊತ್ತಿಗೆ ಪಾತ್ರೆಯಲ್ಲಿ ಕುದ್ದ ಚಹಾಪುಡಿ ಮಾತ್ರ ಉಳಿದಿರುತ್ತದೆ. ಇದನ್ನು ಯಾರೂ ಉದ್ದೇಶಪೂರ್ವಕವಾಗಿ ಮಾಡಿರದ ಕಾರಣ, ಸಂಶೋಧನೆಗೆ ಇದು ಅತ್ಯಂತ ಸೂಕ್ತವಾಗಿದೆ. ಸದರಿಯವರನ್ನು ಈ ಮೂಲಕ ಚಹಾ ಕುಡಿಯದ ಗುಂಪು ಎಂದು ಘೋಷಿಸಲಾಗಿದೆ.

೬. ಗುಂಪಿನ ಸರಾಸರಿ ಮಾಲಾ. ಮಧ್ಯಾಂಕವೂ ಮಾಲಾ. ಮಾಲಾ ಇವರು ಮಾಲಾ ಇವರಿಂದ ಎಷ್ಟು ದೂರ ಸರಿದಿದ್ದಾರೆಂಬ ವಿಚಲನೆಯನ್ನು ಲೆಕ್ಕ ಹಾಕಲು ಸಾಧ್ಯವಾಗಿರುವುದಿಲ್ಲ.

೭. ಗುಂಪು ತಾನು ಗುಂಪೆಂದು ತಿಳಿದರೆ ಫಲಿತಾಂಶ ಕೆಡುವ ಸಂಭವವಿದೆ. ಸಂಖ್ಯಾಶಾಸ್ತ್ರ ಕಲಿತರೆ ತಿಳಿಯುವ ಸಂಭವವಿದೆ. ಆದಕಾರಣ ಉಲ್ಲೇಖ (೨)ರ ಮನವಿಯನ್ನು ಪ್ರಯೋಗ ಮುಗಿದ ನಂತರ ಪರಿಶೀಲಿಸಲಾಗುವುದು. ಚಹಾ ಕುಡಿಯದ ಇನ್ನೊಬ್ಬರು ದೊರೆತ ಕೂಡಲೇ ಪ್ರಯೋಗ ಮುಗಿಯುತ್ತದೆ.

೮. ಅಲ್ಲಿಯವರೆಗೆ ಪಾಠದ ವೇಳೆ ಬಾಗಿಲು ಮುಚ್ಚಿಡತಕ್ಕದ್ದು. ಬಾಗಿಲು ಮುಚ್ಚಿದರೆ ಗಾಳಿಯಾಡದೆ ಕಪ್ಪುಗಳು ಒಣಗುವುದಿಲ್ಲವಾದ್ದರಿಂದ, ತೆರೆದಿಡತಕ್ಕದ್ದು.

ಸಹಿ/-
ಡಾ. ಕಲ್ಮೇಶ
ಘಟಕದ ಸಂಯೋಜಕರು
(ಚಹಾ ಸೇವನೆಯಲ್ಲಿರುವುದರಿಂದ ಇವರ ಪರವಾಗಿ)

ಪ್ರತಿಗಳು:
೧. ರಾಜಶ್ರೀ, ಬಸವನ ಬಾಗೇವಾಡಿ: ಧೈರ್ಯಕ್ಕಾಗಿ.
೨. ಲಕ್ಕವ್ವ, ಇಂಗಳೇಶ್ವರ: ಒಲೆ ಆರಿಸುವುದಕ್ಕಾಗಿ.
೩. ಶಮಶುದ್ದೀನ, ಇಂಡಿ: ಬಸಿ ಹಿಂದಿರುಗಿಸುವುದಕ್ಕಾಗಿ.
೪. ಮಾಲಾ, ಬಾಗಿಲ ಹೊರಗೆ: ಪ್ರತಿಯನ್ನು ಪಡೆದು, ಒದ್ದೆ ಕೈ ಒರೆಸಿಕೊಂಡು, ನಿಂತೇ ಓದಿರುತ್ತಾರೆ. ಓದಿದ ಮೇಲೆ ಅವರು ಹೇಳಿದ್ದನ್ನು ಕಚೇರಿ ಪ್ರತಿಯ ಹಿಂಬದಿಯಲ್ಲಿ ಇದ್ದಂತೆಯೇ ದಾಖಲಿಸಲಾಗಿದೆ:

“ಚಾ ಬ್ಯಾಡ್ರಿ ಸರ್. ಒಳಗ ಕುಂತೂ ಕಪ್ಪ ಒರಸ್ತೇನ್ರಿ. ಹಿಂದಿನ ಬೆಂಚ ಖಾಲಿನ ಐತಿ. ಕುಂಡ್ರಲೇನ್ರಿ?”